ಎಂಟನ್ನು ಮೂರೆಂದು ಓದಿದ ಊರು

ಈ ಪ್ರವಾಸದ ಬಗ್ಗೆ ಬರೆಯಿರಿ ಎಂದು ಹಾವೇರಿಯ ಗೆಳೆಯರು ಕೇಳುತ್ತಲೇ ಇದ್ದಾರೆ. ಕೆನಡಾದಿಂದ ಮರಳಿ ವರ್ಷ ಮುಗಿಯುತ್ತ ಬಂತು. ಮೊದಲು ದಣಿವು ಆರಲಿ ಎಂದೆ. ಆಮೇಲೆ ಮುಂಗಾರು ಶುರುವಾಗಿದೆ, ಬೀಜದಂಗಡಿಯಲ್ಲಿ ತಲೆ ಎತ್ತಲು ಬಿಡುವಿಲ್ಲ ಎಂದೆ. ಆಮೇಲೆ ಕಣ್ಣಿನ ಪೊರೆ ತೆಗೆಸಬೇಕು ಎಂದೆ. ಪೊರೆಯನ್ನೂ ತೆಗೆಸಿದ್ದಾಯಿತು. ಈಗ ಅಕ್ಷರಗಳು ಮಿಣಿಮಿಣಿ ಹೊಳೆಯುತ್ತವೆ. ಹೇಳಲು ಇನ್ನು ನೆಪ ಉಳಿದಿಲ್ಲ.

ಮುಂದೂಡಿದ ಕಾರಣ ಬೇರೆ. ಈ ಪ್ರವಾಸವನ್ನು ಹೇಳಹೊರಟರೆ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಐವತ್ತು ವರ್ಷಗಳ ಹಿಂದೆ ನನ್ನ ತಂಗಿಯ ಕಾಲೇಜು ಅರ್ಜಿಯಲ್ಲಿ, ಆಕೆ ಬರೆ ಎಂದದ್ದನ್ನು ಬಿಟ್ಟು ನಾನು ಬೇರೆಯದನ್ನು ಬರೆದೆ. ಬೇಕೆಂದೇ ಬರೆದೆ. ಆಕೆಗೆ ಅದನ್ನು ಎಂದೂ ಹೇಳಲಿಲ್ಲ. ಪ್ರವಾಸಕ್ಕೆ ಒಂದು ವರ್ಷ ಮೊದಲು ಆಕೆ ತೀರಿಕೊಂಡಳು. ನಾನು ಕೆನಡಾಕ್ಕೆ ಹೋದದ್ದು ಆಕೆಯ ಮೊಮ್ಮಗಳನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಿಸಿ ಬರಲು. ಹೋಗುವಾಗ ಒಂದೇ ಯೋಚನೆ ಇತ್ತು: ಈ ಹುಡುಗಿಗಾದರೂ ಹೇಳುತ್ತೇನೆಯೋ, ಅಥವಾ ಅದನ್ನು ಹಾಗೇ ಹೊತ್ತುಕೊಂಡು ಮರಳುತ್ತೇನೆಯೋ.

ಅಗಡಿ

ಹಾವೇರಿ ಹತ್ತಿರದ ಅಗಡಿ ನಮ್ಮೂರು. ನಾನು ಎಸ್ಸೆಸ್ಸೆಲ್ಸಿ ಓದಿದವನು, ಅದೂ ಎರಡನೆಯ ಸಲಕ್ಕೆ ಪಾಸಾದವನು. ರಾಣೆಬೆನ್ನೂರಿನ ಒಂದು ಬೀಜದ ಗೋದಾಮಿನಲ್ಲಿ ಚೀಲದ ಚೀಟಿ ಬರೆಯುವ ಕೆಲಸಕ್ಕೆ ಸೇರಿ, ಮುಂದೆ ಹಾವೇರಿಯಲ್ಲಿ ಸ್ವಂತ ಅಂಗಡಿ ಇಟ್ಟೆ. ಒಮ್ಮೆ ಬೀಜದ ಕಂಪನಿಯವರು ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನೆಲ್ಲ ಬ್ಯಾಂಕಾಕಿಗೆ ಕರೆದೊಯ್ಯುತ್ತೇವೆಂದು ಪಾಸ್‌ಪೋರ್ಟ್ ಮಾಡಿಸಿದರು. ಬ್ಯಾಂಕಾಕಿನಲ್ಲಿ ಮೂರು ದಿನ ಬರೀ ಅನ್ನ ಮೊಸರು ಹುಡುಕಿದೆ. ಆದರೆ ಆ ಪಾಸ್‌ಪೋರ್ಟಿನಿಂದಾಗಿ ನಮ್ಮ ಬಳಗದಲ್ಲಿ ನಾನು ವಿದೇಶ ಬಲ್ಲವನಾದೆ.

ತಂಗಿಯ ಒಬ್ಬಳೇ ಮಗಳು ಶೋಭಾ. ಕರ್ಜಗಿಯಲ್ಲಿ ತಾಯಿಯ ಮನೆಯಲ್ಲೇ ಇದ್ದು ಹಾವೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವಳ ಮಗಳು ಅಕ್ಷತಾ ಕೃಷಿ ಪದವಿ ಮುಗಿಸಿ, ಬೆಳೆ ತಳಿಯ ಶಾಸ್ತ್ರ ಓದಲು ಕೆನಡಾದ ಸಾಸ್ಕಟೂನ್ ಎಂಬ ಊರಿನಲ್ಲಿ ಸೀಟು ಪಡೆದಿದ್ದಳು. ಒಂದು ಸಂಜೆ ಶೋಭಾ ಫೋನ್ ಮಾಡಿದಳು.

“ಮಾಮಾ, ಪಾಸ್‌ಪೋರ್ಟ್ ಇರೂದು ನಿಮಗೊಬ್ಬರಿಗೆ. ಹುಡುಗಿ ಒಬ್ಬಾಕಿನ್ನ ಅಷ್ಟು ದೂರ ಹೆಂಗ ಕಳಸೂದ್ರಿ?”

“ಆಕಿ ಒಬ್ಬಾಕಿನ ಆರಾಮ ಹೋಗ್ತಾಳವಾ. ನಾ ಜೋಡಿ ಹೋದರ ಆಕಿಗೆ ಒಂದು ಲಗೇಜ್ ಹೆಚ್ಚಾಕ್ಕೈತಿ, ಅಷ್ಟ.”

ಹಿಂದಿನಿಂದ ಅಕ್ಷತಾಳ ದನಿ ಕೇಳಿಸಿತು. “ಬಾ ಅಜ್ಜಾ. ಗಾಲಿ ಇರೂ ಲಗೇಜ್ ಆಗಿ ಬಾ, ಎಳಕೊಂಡು ಹೋಗ್ತೇನಿ.”

ಅವಳು ನಗುವಾಗ ಕೊನೆಯಲ್ಲಿ ಸಣ್ಣಗೆ ಮೂಗಿನಿಂದ ಒಂದು ಸದ್ದು ಬರುತ್ತದೆ. ಅವಳ ಅಜ್ಜಿಗೂ ಬರುತ್ತಿತ್ತು. ಆ ಸದ್ದಿಗೇ ನಾನು ಒಪ್ಪಿಕೊಂಡೆ.

ಆಕಾಶದಲ್ಲಿ

ವಿಮಾನದಲ್ಲಿ ಅಕ್ಷತಾ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಮೇಲೆ ಬಿಳಿ ಬಿಸಿಲು, ಕೆಳಗೆ ಹಿಂಜಿದ ಅರಳೆಯಂಥ ಮೋಡ. ಎದುರಿನ ಪುಟ್ಟ ಪರದೆಯಲ್ಲಿ ವಿಮಾನದ ಚಿತ್ರ ಇರುವೆಯಂತೆ ತೆವಳುತ್ತಿತ್ತು. ಇಷ್ಟು ಹೊತ್ತು ಕೈಕಟ್ಟಿ ಕುಳಿತು ನನಗೆ ಅಭ್ಯಾಸವಿಲ್ಲ. ಕುಳಿತರೆ ಮನಸ್ಸು ಪಂಚಮಿಗೆ ಹೋಗುತ್ತದೆ.

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣನೇ ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ನಾನು ಕರ್ಜಗಿಗೆ ನಲವತ್ತಕ್ಕೂ ಹೆಚ್ಚು ಸಲ ಹೋಗಿದ್ದೇನೆ. ಮೊದಮೊದಲು ಬಸ್ಸಿನಲ್ಲಿ, ಆಮೇಲೆ ನನ್ನ ಬೈಕಿನಲ್ಲಿ. ಆಕೆ ಹಿಂದೆ ಒಂದು ಬದಿಗೆ ಕುಳಿತು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಅಗಡಿ ಬರುವವರೆಗೂ ಏನಾದರೂ ಕೇಳುತ್ತಿದ್ದಳು. ಊರಿನ ಸುದ್ದಿಯಲ್ಲ, ಬೀಜದ ಸುದ್ದಿ.

“ಅಣ್ಣಾ, ನಿನ್ನ ಅಂಗಡಿ ಹೈಬ್ರಿಡ್ ಬದನಿ ಹಾಕಿದ್ನೆಲ್ಲ, ಎಲ್ಲಾ ಗಿಡ ಒಂದ ನಮೂನಿ ಬಂದುವು. ಅದರ ಬೀಜ ತಗದು ಮರುವರ್ಷ ಹಾಕಿದರ ಒಂದು ಉದ್ದ, ಒಂದು ಗುಂಡ, ಒಂದು ಮುಳ್ಳಿಂದು. ಯಾಕ ಹಂಗ?”

“ಕಂಪನ್ಯಾವರು ಹಂಗ ಮಾಡಿರ್ತಾರವಾ.”

“ಹಂಗಂದ್ರ ಹೆಂಗ?”

ನನಗೆ ಗೊತ್ತಿರಲಿಲ್ಲ. ಜೀವನವಿಡೀ ಬೀಜ ಮಾರಿದ ನನಗೆ ಕೇಳಬೇಕು ಅನ್ನಿಸದ ಪ್ರಶ್ನೆಗಳು ಆಕೆಗೆ ಒಲೆಯ ಮುಂದೆ ಕುಳಿತು ಹೊಳೆಯುತ್ತಿದ್ದವು. ಕನ್ನಡಿಯಲ್ಲಿ ಆಕೆಯ ಮುಖ ಕಾಣುತ್ತಿತ್ತು. ವರದಾ ನದಿಯ ಸೇತುವೆ ಬಂದಾಗ ಪ್ರತಿ ವರ್ಷವೂ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಸೇತುವೆ ಉದ್ದವಾದದ್ದೇನೂ ಅಲ್ಲ. ದಾಟಿಬಿಡುತ್ತಿತ್ತು.

ಟೊರಾಂಟೊ

ಟೊರಾಂಟೊದಲ್ಲಿ ವಿಮಾನ ಬದಲಿಸಬೇಕು. ಅಲ್ಲಿ ತಪಾಸಣೆಯ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿದ. ಬೀಜ ಒಯ್ಯುವಂತಿಲ್ಲ ಎಂದು ಅಕ್ಷತಾ ಮೊದಲೇ ಕಟ್ಟಪ್ಪಣೆ ಮಾಡಿದ್ದಳು. ಹೀಗಾಗಿ ಶೇಂಗಾ ಚಟ್ನಿ ಮತ್ತು ಎರಡು ಡಬ್ಬಿ ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾತ್ರ ಇದ್ದವು. ಅಧಿಕಾರಿ ಆರಡಿ ಎತ್ತರದ ಮನುಷ್ಯ. ಕೆಂಪು ಪುಡಿಯನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

“ಬಹಳ ಖಾರವೇ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

ನನಗೆ ತಿಳಿದ ಇಂಗ್ಲಿಷನ್ನು ಒಟ್ಟುಗೂಡಿಸಿ, ನೋ ಹಾಟ್, ಓನ್ಲಿ ಕಲರ್, ಎಂದೆ. ಬ್ಯಾಡಗಿಯ ಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ. ನಮ್ಮ ಕಡೆಯ ಮಕ್ಕಳಿಗೂ ಗೊತ್ತಿರುವ ಈ ಮಾತನ್ನು ಅವನು ನಂಬಲಿಲ್ಲ. ಮುಚ್ಚಳ ತೆಗೆದು ಆಳವಾಗಿ ಮೂಸಿದ. ಆಮೇಲೆ ಏಳು ಸೀನು. ಪ್ರತಿ ಸೀನಿಗೂ ಅವನೇ ನನಗೆ ಸಾರಿ, ಸಾರಿ, ಎಂದ.

“ಖಾರ ಕಡಿಮಿ ಅಂದರ ಮೂಗಿಗೆ ಇಟಗೋ ಅಂತ ಅರ್ಥ ಅಲ್ಲಪಾ,” ಎಂದು ನಾನು ಕನ್ನಡದಲ್ಲೇ ಅಂದೆ. ಅಕ್ಷತಾ ಪೆಟ್ಟಿಗೆಯ ಹಿಂದೆ ಮುಖ ಮರೆಸಿ ನಕ್ಕಳು.

ಸಾಸ್ಕಟೂನ್

ಈ ಊರಿನವರು ಎಲ್ಲದಕ್ಕೂ ಕ್ಷಮೆ ಕೇಳುತ್ತಾರೆ. ಅಂಗಡಿಯಲ್ಲಿ ನಾನೇ ಒಬ್ಬರ ಕಾಲು ತುಳಿದೆ, ಅವರು ಸಾರಿ ಎಂದರು. ಬಾಗಿಲಲ್ಲಿ ಇಬ್ಬರು ಎದುರಾದರೆ ಇಬ್ಬರೂ ಸಾರಿ ಎಂದು ಇಬ್ಬರೂ ನಿಲ್ಲುತ್ತಾರೆ. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮ ಹಾವೇರಿ ಬಸ್ಸಿನಲ್ಲಿ ಕಂಡಕ್ಟರನಿಗೆ ಹೀಗೆ ಹೇಳಿದರೆ, ಏನಪಾ ಚಿಲ್ಲರ ಬಿಟ್ಟು ಹೊಂಟ್ಯೇನು, ಎಂದು ಕೇಳಿಯಾನು.

ಮೊದಲು ನನಗೆ ಇದು ತಮಾಷೆಯಾಗಿ ಕಂಡಿತು. ನಾಲ್ಕನೆಯ ದಿನದ ಹೊತ್ತಿಗೆ ಒಳಗೆ ಚುಚ್ಚತೊಡಗಿತು. ಆ ಒಂದು ಮಾತು ಇವರ ನಾಲಗೆಯ ಮೇಲೆ ಉಗುಳಿನಂತೆ ಸದಾ ಇದೆ. ನನಗೆ ಅರ್ಧ ಶತಮಾನದಲ್ಲಿ ಒಂದು ಸಲವೂ ಬಾಯಿಗೆ ಬರಲಿಲ್ಲ.

ಊರು ಬಯಲು. ಬಸ್ಸಿನಲ್ಲಿ ಅರ್ಧ ಗಂಟೆ ಆಚೆ ಹೋದರೆ ಕಣ್ಣು ಹೋಗುವವರೆಗೂ ಕಟಾವಾದ ಹೊಲ, ಒಂದು ಗುಡ್ಡವಿಲ್ಲ. ಮಣ್ಣು ಕಪ್ಪಗೆ, ನಮ್ಮ ಎರೆಭೂಮಿಯ ನಂಟಿನದು. ಬಗ್ಗಿ ಒಂದು ಹಿಡಿ ತೆಗೆದು ಹಿಸುಕಿ ನೋಡಿದೆ. ಹೊಲದ ಬದುವಿನಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಬುತ್ತಿ ತರುವವರಿಲ್ಲ, ಕೂಗಿ ಮಾತಾಡಿಸುವವರಿಲ್ಲ. ದೂರದಲ್ಲಿ ಒಂದೇ ಒಂದು ದೊಡ್ಡ ಯಂತ್ರ ದೂಳೆಬ್ಬಿಸುತ್ತ ಹೋಗುತ್ತಿತ್ತು. ಅಷ್ಟು ಭೂಮಿ, ಅಷ್ಟು ಆಕಾಶ, ನಡುವೆ ಏನೂ ಇಲ್ಲ. ತಂಗಿ ನೋಡಿದ್ದರೆ ನೂರು ಪ್ರಶ್ನೆ ಕೇಳುತ್ತಿದ್ದಳು.

ನಾಲ್ಕು ಅಕ್ಷರ, ಮೂರು ಅಂಕಿ

ಪಾಠಗಳನ್ನು ವಿದ್ಯಾರ್ಥಿಗಳೇ ಆರಿಸಿಕೊಂಡು ಕಂಪ್ಯೂಟರಿನಲ್ಲಿ ಹೆಸರು ದಾಖಲಿಸಬೇಕಂತೆ. ವಿಶ್ವವಿದ್ಯಾಲಯದ ಪಾಠಗಳ ಪಟ್ಟಿ ಒಂದು ದಪ್ಪ ಪಂಚಾಂಗದಷ್ಟಿದೆ. ಪ್ರತಿ ಪಾಠಕ್ಕೂ ಒಂದು ಗುರುತು: ನಾಲ್ಕು ಇಂಗ್ಲಿಷ್ ಅಕ್ಷರ, ಮುಂದೆ ಮೂರು ಅಂಕಿ, ಚುಕ್ಕಿ ಇಟ್ಟು ಇನ್ನೊಂದು ಅಂಕಿ. ಅಕ್ಷತಾ ನನಗೆ ಅದನ್ನು ಓದುವ ಬಗೆ ಕಲಿಸಿದಳು.

“ನೋಡಜ್ಜಾ, ಮೊದಲಿನ ನಾಕು ಅಕ್ಷರ ಯಾವ ವಿಭಾಗ ಅಂತ. ಇದು ಸಿ, ಆರ್, ಓ, ಪಿ. ಅಂದ್ರ ಬೆಳಿ. ಮೂರು ಅಂಕಿಯೊಳಗ ಮೊದಲಿಂದು ಎಷ್ಟನೇ ಮೆಟ್ಟಲಾ ಅಂತ. ಒಂದು ಇದ್ದರ ಹೊಸಾದಾಗಿ ಬಂದವರಿಗೆ. ಮೂರು, ನಾಕು ಇದ್ದರ ಡಿಗ್ರಿ ಮುಗಸಾಕ ಬಂದವರಿಗೆ. ಎಂಟು ಇದ್ದರ ನನ್ನಂಥವರಿಗೆ. ಉಳಿದ ಎರಡು ಅಂಕಿ ಆ ಪಾಠದ್ದ ಗುರುತು. ಚುಕ್ಕಿ ಆದಮ್ಯಾಲೆ ಇರೂದು ಅದರ ತೂಕ.”

“ಇದು ನಮ್ಮ ಲಾಟ್ ನಂಬರ್ ಅಲ್ಲೇನಬೇ!” ಎಂದೆ. ನನಗೆ ಹಿಗ್ಗೋ ಹಿಗ್ಗು. ನಮ್ಮ ಬೀಜದ ಚೀಲದ ಚೀಟಿಯೂ ಹೀಗೇ. ಮೊದಲು ಬೆಳೆಯ ಅಕ್ಷರ, ಆಮೇಲೆ ವರ್ಷ, ಮುಂಗಾರೋ ಹಿಂಗಾರೋ, ಯಾರ ಹೊಲದ್ದು. ಚೀಟಿ ನೋಡಿದರೆ ಬೀಜದ ಜಾತಕ ತಿಳಿಯುತ್ತದೆ. ಒಂದು ಅಂಕಿ ತಪ್ಪಿದರೆ ಚೀಲದೊಳಗೆ ಇರುವುದು ಬೇರೆ, ಹೊಲದಲ್ಲಿ ಹುಟ್ಟುವುದು ಬೇರೆ.

ಪಟ್ಟಿಯಲ್ಲಿ ಕೆಲವು ಪಾಠಗಳ ಕೆಳಗೆ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ. ಇದಕ್ಕೆ ಬರುವ ಮುನ್ನ ಇಂಥದ್ದನ್ನು ಮುಗಿಸಿರಬೇಕು ಎಂದು. ಮುನ್ನೂರರ ಪಾಠಕ್ಕೆ ಇನ್ನೂರರದು ಬೇಕು, ಇನ್ನೂರರದಕ್ಕೆ ನೂರರದು. ಬೆರಳಿಟ್ಟುಕೊಂಡು ಹಿಂದೆ ಹಿಂದೆ ಹೋದೆ. ಎಲ್ಲದರ ಬುಡದಲ್ಲಿ ಒಂದೇ ಮಾತು: ಶಾಲೆಯ ಕೊನೆಯಲ್ಲಿ ಜೀವಶಾಸ್ತ್ರ ಓದಿರಬೇಕು. ಆ ಒಂದು ಬಾಗಿಲು ಮುಚ್ಚಿದರೆ ಆಚೆಯವು ಯಾವುವೂ ತೆರೆಯುವುದಿಲ್ಲ. ಪುಟದ ಮೇಲೆ ಬೆರಳು ಅಲ್ಲೇ ನಿಂತಿತು.

“ನಾ ಹೆಸರು ದಾಖಲು ಮಾಡ್ತೇನಿ. ನೀ ನಂಬರ್ ಓದಿ ಹೇಳು ಅಜ್ಜಾ,” ಎಂದು ಅಕ್ಷತಾ ತನ್ನ ಪ್ರಾಧ್ಯಾಪಕರು ಕೊಟ್ಟ ಹಾಳೆಯನ್ನು ನನ್ನ ಕೈಗಿತ್ತಳು.

ಗೋದಾಮಿನಲ್ಲಿ ನಮ್ಮದೊಂದು ಪದ್ಧತಿ ಇತ್ತು. ಒಬ್ಬ ನಂಬರ್ ಕೂಗಬೇಕು, ಇನ್ನೊಬ್ಬ ಬರೆಯಬೇಕು. ಬರೆದವನು ತಾನು ಬರೆದದ್ದನ್ನೇ ನೋಡಿ ತಿರುಗಿ ಓದಬೇಕು. ಕೂಗಿದವನು ಹಾಳೆಯ ಮೇಲೆ ಕಣ್ಣಿಟ್ಟು ಬರೋಬ್ಬರಿ ಎಂದ ಮೇಲೆಯೇ ಚೀಲಕ್ಕೆ ಚೀಟಿ ಹೊಲಿಯುವುದು. ಅಕ್ಷತಾಳಿಗೂ ಅದನ್ನೇ ಹೇಳಿದೆ. ಮೊದಲ ಎರಡು ಪಾಠ ಸರಿಯಾಗಿ ಹೋದವು. ಮೂರನೆಯದು ತಳಿ ಅಭಿವೃದ್ಧಿಯ ಪಾಠ, ಅಕ್ಷತಾ ಇಷ್ಟು ದೂರ ಬಂದದ್ದೇ ಅದಕ್ಕೆ. ನಾನು ಕೂಗಿದೆ. ಅವಳು ಬರೆದು ತಿರುಗಿ ಓದಿದಳು. “ಮೂರು, ಒಂದು, ಮೂರು. ಬರೋಬ್ಬರಿ ಏನಜ್ಜಾ?”

ಹಾಳೆ ನೋಡಬೇಕಿತ್ತು. ನೋಡಲಿಲ್ಲ. ನನ್ನ ಕಿವಿಯಲ್ಲಿ ಬೇರೆ ದನಿ ಇತ್ತು.

ಅಗಡಿಯ ನಮ್ಮ ಅಡುಗೆಮನೆ. ತಂಗಿ ರೊಟ್ಟಿ ಬಡಿಯುತ್ತಿದ್ದಾಳೆ, ಕೈಯೆಲ್ಲ ಜೋಳದ ಹಿಟ್ಟು. ನಾನು ಹೊಸ್ತಿಲ ಈಚೆ ಕುಳಿತು ಆಕೆಯ ಪಿಯುಸಿ ಅರ್ಜಿ ತುಂಬುತ್ತಿದ್ದೇನೆ. ಅಪ್ಪ ಅವ್ವನಿಗೆ ಓದು ಬಾರದು. ಇಂಗ್ಲಿಷ್ ಅಕ್ಷರ ದುಂಡಗೆ ಬರೆಯುವವನು ಮನೆಯಲ್ಲಿ ನಾನೊಬ್ಬನೇ. ಆ ಅರ್ಜಿಯಲ್ಲಿಯೂ ವಿಷಯಗಳಿಗೆ ಗುರುತುಗಳಿದ್ದವು. ಎಸ್ ಎಂದರೆ ವಿಜ್ಞಾನ, ಎ ಎಂದರೆ ಕಲೆ, ಮುಂದೊಂದು ಅಂಕಿ. ಸಹಿಯನ್ನು ಆಕೆಯಿಂದ ಮೊದಲೇ ಮಾಡಿಸಿಕೊಂಡಿದ್ದೆ.

“ಅಣ್ಣಾ, ಎಸ್ ಎರಡು ಬರಿ. ನಾ ಕಾಲೇಜಿನ ಪುಸ್ತಕದಾಗ ಮೂರು ಸಲ ನೋಡೇನಿ. ಜೀವಶಾಸ್ತ್ರ ಎಸ್ ಎರಡರಾಗ ಅಷ್ಟ ಐತಿ.”

ನಾನು ಎ ಒಂದು ಎಂದು ಬರೆದೆ.

“ಬರದ್ಯಾ? ನಿಮ್ಮ ಗೋದಾಮಿನ್ಯಾಗ ತಿರುಗಿ ಓದ್ತಾರಂದಿ ಅಲ್ಲ. ಓದು ನೋಡೂಣು.”

“ಎಸ್ ಎರಡು,” ಎಂದು ಓದಿದೆ.

ಆಕೆ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನಕ್ಕಳು. “ಬರೋಬ್ಬರಿ.”

ಸಾಸ್ಕಟೂನಿನ ಆ ಕೋಣೆಯಲ್ಲಿ ಹಾಳೆಯ ಅಂಕಿಗಳು ನೀರಿನಲ್ಲಿ ತೇಲುತ್ತಿದ್ದವು. “ಬರೋಬ್ಬರಿ ಐತವಾ,” ಎಂದುಬಿಟ್ಟೆ.

ಬಸ್ ನಿಲ್ದಾಣ

ಪಾಠ ಶುರುವಾದ ದಿನ ಅಕ್ಷತಾಳ ಜೊತೆ ನಾನೂ ಹೋದೆ. ನಿಲ್ದಾಣದಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಹಣ್ಣುಗೂದಲಿನ ಹೆಂಗಸೊಬ್ಬಳು ನಿಂತಿದ್ದಳು. ಪ್ರಾಧ್ಯಾಪಕಿ ಇರಬೇಕೆಂದು ಎದ್ದು ನಿಂತು ನಮಸ್ಕಾರ ಮಾಡಿದೆ. ಆಕೆ ಗಾಬರಿಯಾಗಿ ಸಾರಿ ಎಂದಳು. ಅಕ್ಷತಾ ಮಾತಾಡಿಸಿದಳು. ಹೆಸರು ಮಾರ್ಗರೇಟ್. ನರ್ಸ್ ಆಗಿದ್ದು ನಿವೃತ್ತಳಾದವಳು. ಈಗ ವಿದ್ಯಾರ್ಥಿನಿ.

“ಏನ್ ಓದತಾಳಂತ?” ಎಂದು ಕೇಳಿದೆ.

“ಜೀವಶಾಸ್ತ್ರ, ಅಜ್ಜಾ. ನೂರಾ ಇಪ್ಪತ್ತು.”

ನೂರಾ ಇಪ್ಪತ್ತು. ಮೊದಲ ಅಂಕಿ ಒಂದು. ಹೊಸದಾಗಿ ಬಂದವರಿಗೆ.

ಯಾಕೆ ಓದುತ್ತೀರಿ ಎಂದು ಅಕ್ಷತಾಳಿಂದ ಕೇಳಿಸಿದೆ. ತೋಟದಲ್ಲಿ ಟೊಮೇಟೊ ಹಾಕುತ್ತೇನೆ, ಅದು ಯಾಕೆ ಹಾಗೆ ಬೆಳೆಯುತ್ತದೆ ಎಂದು ಯಾರೂ ಹೇಳಲಿಲ್ಲ, ಅದಕ್ಕೇ ಬಂದೆ ಎಂದಳು. ಬಸ್ಸು ಬಂತು. ನಾನು ಹತ್ತುವುದನ್ನು ಮರೆತು ನಿಂತೆ. ಈ ವಯಸ್ಸಿನಲ್ಲಿ ನನ್ನ ತಂಗಿಯೂ ಇದ್ದಳು. ಕರ್ಜಗಿಯ ಹಿತ್ತಲಲ್ಲಿ ಬದನೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಆಕೆಯ ಬೆನ್ನಿಗೂ ಒಂದು ಚೀಲ ಚೆನ್ನಾಗಿ ಒಪ್ಪುತ್ತಿತ್ತು.

“ಅಜ್ಜಾ, ಹತ್ತು. ಎಲ್ಲಾರೂ ನಿನ್ನ ಸಲುವಾಗಿ ನಿಂತಾರ,” ಎಂದು ಅಕ್ಷತಾ ಒಳಗಿನಿಂದ ಕೂಗಿದಳು.

ಕಚೇರಿ

ನಾನು ಅಂಗಳದ ಬೆಂಚಿನ ಮೇಲೆ ಕುಳಿತಿದ್ದೆ. ಅರ್ಧ ಗಂಟೆಗೆಲ್ಲ ಅಕ್ಷತಾ ಓಡುತ್ತ ಬಂದಳು. ಮುಖ ಬಿಳಿಚಿತ್ತು.

“ಅಜ್ಜಾ, ಅದು ಬ್ಯಾರೆ ಕ್ಲಾಸು! ಎಲ್ಲಾ ಸಣ್ಣ ಹುಡುಗ್ರು ಕುಂತಾರ. ನನಗ ಬೇಕಾದ್ದು ಎಂಟು ನೂರಾ ಹದಿಮೂರು. ನಾವು ಹಾಕಿದ್ದು ಮುನ್ನೂರಾ ಹದಿಮೂರು.”

ಕಿಸೆಯಿಂದ ಹಾಳೆ ತೆಗೆದು ಬಿಸಿಲಿಗೆ ಹಿಡಿದು ನೋಡಿದೆ. ಎಂಟೇ ಇತ್ತು. ನಾನು ಮೂರೆಂದು ಓದಿದ್ದೆ. ಪೊರೆ ಬಂದ ಕಣ್ಣು, ನೀರು ಬಂದ ಕಣ್ಣು, ಏನಾದರೂ ಹೇಳಬಹುದಿತ್ತು. ನಾನು ಹೇಳಿದ್ದು ಇದು:

“ಆಫೀಸಿನವರು ತಪ್ಪು ಮಾಡಿರಬೇಕು ಬಿಡವಾ.”

ಬಾಯಿಂದ ಮಾತು ಹೊರಬಿದ್ದ ಮೇಲೆ ನೆನಪಾಯಿತು. ಅಕ್ಷರ ಅಕ್ಷರವಾಗಿ ಅದೇ ಮಾತು. ಐವತ್ತು ವರ್ಷದ ಹಿಂದೆ ಕಾಲೇಜಿನ ಫಲಕದ ಮೇಲೆ ಹೆಸರುಗಳ ಪಟ್ಟಿ ನೋಡಲು ನಾನೊಬ್ಬನೇ ಒಳಗೆ ಹೋಗಿದ್ದೆ. ತಂಗಿ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಬಂದು, ನಿನ್ನ ಹೆಸರು ಕಲಾ ವಿಭಾಗದಾಗ ಐತಿ, ಆಫೀಸಿನವರು ತಪ್ಪು ಮಾಡಿರಬೇಕು ಎಂದಿದ್ದೆ. ನಡಿ, ಹೋಗಿ ಕೇಳೂಣು ಎಂದಳು. ವೇಳೆ ಮುಗದೈತಿ ಎಂದೆ. ಮುಗಿದಿರಲಿಲ್ಲ. ತಪ್ಪುಗಳಿದ್ದರೆ ಒಂದು ವಾರದೊಳಗೆ ತಿಳಿಸಿ ಎಂದು ಪಟ್ಟಿಯ ಬುಡದಲ್ಲಿ ಬರೆದಿತ್ತು. ಓದಿ ಬಂದಿದ್ದೆ. ಆಕೆ ಸ್ವಲ್ಪ ಹೊತ್ತು ಕಾಲೇಜಿನ ಗೇಟಿನತ್ತ ನೋಡಿ, ಆಮೇಲೆ ನನ್ನ ಹಿಂದೆ ಅಗಡಿ ಬಸ್ಸು ಹತ್ತಿದಳು.

ಅಕ್ಷತಾ ಬಸ್ಸು ಹತ್ತುವವಳಲ್ಲ. “ಯಾರರ ತಪ್ಪು ಇರಲಿ, ನಡಿ ಹೋಗಿ ಕೇಳೂಣು,” ಎಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು.

ಕಚೇರಿಯಲ್ಲಿ ಒಬ್ಬ ತರುಣಿ ಕುಳಿತಿದ್ದಳು. ಅಕ್ಷತಾ ಹೇಳಿದ್ದನ್ನು ಕೇಳಿಸಿಕೊಂಡು, ಸಾರಿ, ಹೀಗಾಗಿದ್ದಕ್ಕೆ, ಎಂದಳು. ತಪ್ಪು ಅವಳದ್ದಲ್ಲ. ನಾಲ್ಕು ಗುಂಡಿ ಒತ್ತಿದಳು. ಮುನ್ನೂರಾ ಹದಿಮೂರು ಹೋಯಿತು, ಎಂಟುನೂರಾ ಹದಿಮೂರು ಬಂತು. ಇನ್ನೂ ಎರಡು ವಾರ ಸಮಯವಿದೆ, ಮನಸ್ಸು ಬದಲಾದರೆ ಮತ್ತೆ ಬನ್ನಿ ಎಂದಳು.

ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ. ಐದು ನಿಮಿಷವೂ ಆಗಿರಲಿಲ್ಲ. ಅಲ್ಲಿದ್ದ ಕುರ್ಚಿಯ ಮೇಲೆ ಕುಳಿತು ಅತ್ತುಬಿಟ್ಟೆ. ತರುಣಿ ಓಡಿಬಂದು ಲೋಟದಲ್ಲಿ ನೀರು ಕೊಟ್ಟು, ಮತ್ತೆ ಸಾರಿ ಎಂದಳು.

ನದಿಯ ದಂಡೆ

ಊರಿನ ನಡುವೆ ಹರಿಯುವ ನದಿ, ಕುಮಾರಪಟ್ಟಣದ ಬಳಿಯ ತುಂಗಭದ್ರೆಯಷ್ಟು ಅಗಲ. ಅಂದು ಮಧ್ಯಾಹ್ನ ಅಕ್ಷತಾ ನನ್ನನ್ನು ದಂಡೆಗೆ ಕರೆದೊಯ್ದಳು. ಮರಗಳೆಲ್ಲ ಅರಿಸಿನ ಬಣ್ಣಕ್ಕೆ ತಿರುಗಿದ್ದವು. ಜನ ನಾಯಿ ಹಿಡಿದುಕೊಂಡು ಓಡಾಡುತ್ತಿದ್ದರು.

“ಅಂಕಿ ತಪ್ಪು ಓದಿದ್ದಕ್ಕ ಇಷ್ಟ್ಯಾಕ ಅಳತೀ ಅಜ್ಜಾ? ಸರಿ ಆತಲ್ಲ.”

ಆಗ ಹೇಳಿದೆ. ಅಡುಗೆಮನೆ, ಅರ್ಜಿ, ತಿರುಗಿ ಓದಿದ ಸುಳ್ಳು, ಫಲಕದ ಬುಡದ ಸಾಲು, ಎಲ್ಲ ಹೇಳಿದೆ. ಅಜ್ಜಿ ಒಂದು ವರ್ಷ ಕಲಾ ವಿಭಾಗಕ್ಕೆ ಹೋಗಿ ಬಿಟ್ಟಳು, ಮರುವರ್ಷ ಕರ್ಜಗಿಗೆ ಮದುವೆಯಾಯಿತು ಎಂದೆ. ಮುಗಿದ ಮೇಲೆ ಅಕ್ಷತಾ ಕೇಳಿದಳು.

“ಯಾಕ ಹಂಗ ಮಾಡಿದಿ?”

“ವಿಜ್ಞಾನದವರಿಗೆ ಸಂಜಿತನಕ ಪ್ರಯೋಗದ ಕ್ಲಾಸ್ ಇರ್ತಿತ್ತವಾ. ಮಧ್ಯಾಹ್ನದ ಬಸ್ ಬಿಟ್ಟರ ಆಕಿ ಒಬ್ಬಾಕಿನ ಕತ್ತಲದಾಗ...”

“ಅಜ್ಜಾ.” ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. “ಬರದದ್ದು ಓದು.”

ಬರೆದದ್ದನ್ನು ಓದಿದೆ. ಆಕೆ ಮೊದಲ ದರ್ಜೆಯಲ್ಲಿ ಪಾಸಾದ ದಿನ ಅಪ್ಪ ಓಣಿಗೆಲ್ಲ ಪೇಢೆ ಹಂಚಿದ್ದ. ನಾನು ಪಾಸಾದ ದಿನ, ಅಂತೂ ಆತು, ನಾಳಿಂದ ಗೋದಾಮಿಗೆ ಹೋಗು ಎಂದಿದ್ದ. ನನ್ನ ಕಣ್ಣೆದುರು ಆಕೆ ನನ್ನನ್ನು ದಾಟಿ ಹೋಗುವುದು ನನಗೆ ಬೇಡವಾಗಿತ್ತು. ಅಷ್ಟೇ. ಬಸ್ಸಿನ ಮಾತನ್ನು ನಾನು ಆಮೇಲೆ ಕಟ್ಟಿದ್ದು. ಎಷ್ಟು ವರ್ಷ ಹೇಳಿಕೊಂಡೆನೆಂದರೆ ನನಗೇ ಅದು ನಿಜವೆನಿಸುತ್ತಿತ್ತು.

ಅಕ್ಷತಾ ನೀರಿನತ್ತ ತಿರುಗಿ ಹೇಳಿದಳು.

“ಹೈಬ್ರಿಡ್ ಬೀಜ ಮರುವರ್ಷ ಯಾಕ ಒಂದ ನಮೂನಿ ಬರೂದಿಲ್ಲ ಅಂತ ಅಜ್ಜಿ ನನಗೂ ಕೇಳ್ತಿದ್ಲು. ನಾ ಆಗ ಆರನೇ ಕ್ಲಾಸಿನ್ಯಾಗ ಇದ್ದೆ. ಅದಕ್ಕ ಉತ್ತರ ಹುಡುಕ್ಕೋತನ ನಾ ಇಲ್ಲೀತನ ಬಂದದ್ದು. ಗೊತ್ತೈತೇನು ನಿನಗ?”

ನನಗೆ ಗೊತ್ತಿರಲಿಲ್ಲ.

“ಎರಡು ಜಾತಿ ಗುಣ ಆ ಬೀಜದಾಗ ಜೋಡಿ ಜೋಡಿ ಕುಂತಿರ್ತಾ‌ವಜ್ಜಾ. ಮರುವರ್ಷ ಒಡದು ಬ್ಯಾರೆ ಬ್ಯಾರೆ ಹಂಚಿಕೊಂತಾವ. ಅಷ್ಟ. ಪಿಯುಸಿ ಜೀವಶಾಸ್ತ್ರದಾಗನ ಹೇಳಿಕೊಡ್ತಾರ.”

ನಾನು ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

“ನನ್ನ ಮುಂದ ಹೇಳಿ ಹಗುರಾಗಬ್ಯಾಡ. ನಾ ಅಜ್ಜಿ ಅಲ್ಲ. ಆಕಿ ಕಡಿಯಿಂದ ಹೋಗ್ಲಿ ಬಿಡು ಅನ್ನಾಕ ನನಗ ಹಕ್ಕಿಲ್ಲ. ಊರಿಗೆ ಹೋಗಿ ಅವ್ವನ ಮುಂದ ಹೇಳು. ಅಲ್ಲೀತನಕ ನನ್ನ ಜೋಡಿ ಇದರ ಮಾತು ತಗೀಬ್ಯಾಡ.”

ಉಳಿದ ದಿನಗಳಲ್ಲಿ ಅವಳು ನನಗೆ ಅನ್ನ ಮಾಡಿ ಹಾಕಿದಳು, ಚಳಿಗೆ ಟೊಪ್ಪಿಗೆ ಕೊಡಿಸಿದಳು, ವಿಮಾನ ನಿಲ್ದಾಣದಲ್ಲಿ ಕಾಲಿಗೆ ನಮಸ್ಕಾರ ಮಾಡಿದಳು. ಆದರೆ ಮೂಗಿನ ಸದ್ದು ಬರುವ ಆ ನಗೆಯನ್ನು ಮತ್ತೆ ಕೇಳಿಸಲಿಲ್ಲ.

ಕರ್ಜಗಿ

ಮರಳಿ ಬಂದ ಮೂರನೆಯ ದಿನ ಬಸ್ಸಿನಲ್ಲಿ ಕರ್ಜಗಿಗೆ ಹೋದೆ. ಶೋಭಾ ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಚಹಾ ಬೇಡವೆಂದು ನಿಂತೇ ಹೇಳಿದೆ. ಈ ಸಲ ಬಸ್ಸಿನ ಮಾತು ತೆಗೆಯಲಿಲ್ಲ.

ಅವಳು ಒದ್ದೆ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು. ಆಮೇಲೆ ತಂತಿಯ ಮೇಲೆ ಅದನ್ನು ನಿಧಾನವಾಗಿ ಹರವಿ ಹೇಳಿದಳು.

“ನನ್ನ ಪಿಯುಸಿ ಅರ್ಜಿ ನಮ್ಮವ್ವ ಯಾರ ಕೈಯಾಗೂ ಕೊಡಲಿಲ್ಲರಿ ಮಾಮಾ. ನೀವು ತುಂಬಿಕೊಡ್ತೇನಿ ಅಂದಿದ್ರಿ. ಬ್ಯಾಡ ಅಂದ್ಲು. ಒಂದೊಂದು ಅಕ್ಷರ ಹುಡುಕಿ ಹುಡುಕಿ ತಾನ ಬರದ್ಲು. ಬರದು ನನ್ನ ಕಡೆ ಓದಿಸಿದ್ಲು. ಯಾಕ ಅಂತ ನನಗ ತಿಳದಿದ್ದಿಲ್ಲ.”

“ಆಕಿಗೆ ಗೊತ್ತಿತ್ತೇನವಾ?”

“ನನಗ ಹೆಂಗ ಗೊತ್ತಾಗಬೇಕ್ರಿ? ಕೇಳಬೇಕಾದವರು ನೀವು ಇದ್ರಿ. ಪಂಚಮಿಗೊಮ್ಮಿ ಗಾಡಿ ಮ್ಯಾಲೆ ಕೂಡಿಸಿಕೊಂಡು ಹೋಗ್ತಿದ್ರಿ.” ಅವಳು ಕಣ್ಣು ಒರೆಸಿಕೊಂಡು ಹೇಳಿದಳು. “ಮನ್ಯಾಗ ಹೇಳಿದ್ದು ಸಾಲೂದಿಲ್ಲ. ಆಕಿ ದಡ್ಡಿ ಇದ್ಲು, ಕಾಲೇಜು ಬಿಟ್ಟು ಬಂದ್ಲು ಅಂತನ ಊರಾಗ ಇನ್ನೂ ಅಂತಾರ. ಅಕ್ಷರ ದುಂಡಗ ಬರೀತೇರೆಲ್ಲ, ಬರೀರಿ. ನಾಕು ಮಂದಿ ಓದೂ ಹಂಗ ಬರೀರಿ. ಹೆಸರು ಹಾಕಿ ಬರೀರಿ.”

ಅದಕ್ಕಾಗಿ ಈ ಪ್ರವಾಸವನ್ನು ಬರೆದೆ. ಬರೆಯುತ್ತ ಗಮನಿಸಿದೆ, ಇಷ್ಟು ಪುಟಗಳಲ್ಲಿ ಅಧಿಕಾರಿಯ ಸೀನು ಬಂತು, ಬಸ್ ನಿಲ್ದಾಣದಲ್ಲಿ ಗಳಿಗೆ ಹೊತ್ತು ಕಂಡ ಮಾರ್ಗರೇಟಳ ಹೆಸರೂ ಬಂತು. ತಂಗಿ, ಆಕೆ, ಅಜ್ಜಿ ಎನ್ನುತ್ತ ನನ್ನ ಲೇಖನಿ ಒಂದೇ ಹೆಸರನ್ನು ಸುತ್ತಿ ಹಾಯುತ್ತಿದೆ.

ಓದುವವರು ಕೇಳಿ. ಆಕೆ ದಡ್ಡಿಯಾಗಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ದರ್ಜೆ. ಆಕೆ ಬರೆ ಎಂದದ್ದು ವಿಜ್ಞಾನ, ನಾನು ಬರೆದದ್ದು ಬೇರೆ. ಆಕೆ ಅಗಡಿಯ ಮಗಳು, ಕರ್ಜಗಿಯ ಸೊಸೆ, ನನ್ನ ಒಬ್ಬಳೇ ತಂಗಿ, ಗಿರಿಜಾ.